ಮೇಷ್ಟ್ರ ಆರ್ಕಿಡ್ಡು ಹೂ ಬಿಟ್ಟ ಗುಟ್ಟು

ನಮ್ಮಪ್ಪನ ತಂಗಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಉಸಿರತ್ತೆ. ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ಬಂದವರನ್ನು ತಣ್ಣನೆಯ ಹಲಗೆಗೆ ಎದೆಯಾನಿಸಿ ನಿಲ್ಲಿಸಿ, "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ" ಅನ್ನುವುದು ಅವಳ ಉದ್ಯೋಗ. ಮನೆಗೆ ಬಂದರೂ ಆ ಮಾತು ನಾಲಗೆಯಿಂದ ಇಳಿಯುತ್ತಿರಲಿಲ್ಲ. ಅಳುವ ಮಗುವಿಗೂ ಅದೇ, ಜಗಳಕ್ಕೆ ನಿಂತ ಗಂಡನಿಗೂ ಅದೇ. ಕೆಲವರ ವಿಷಯದಲ್ಲಿ "ಹಿಡ್ಕೊಳ್ಳಿ" ಅಂದಮೇಲೆ "ಬಿಡಿ" ಅನ್ನುವುದನ್ನು ಬೇಕೆಂದೇ ತಡ ಮಾಡುತ್ತಾಳೆ ಅಂತ ಆಸ್ಪತ್ರೆಯಲ್ಲಿ ಗುಮಾನಿ ಇತ್ತು. ಸಾಲು ಮುರಿದು ಒಳನುಗ್ಗಿದ ದೊಡ್ಡ ಮನುಷ್ಯರೊಬ್ಬರು ಟೊಮೇಟೊ ಹಣ್ಣಿನಂತೆ ಕೆಂಪಾಗಿ ಹೊರಬಂದದ್ದನ್ನು ನರ್ಸುಗಳು ಕಣ್ಣಾರೆ ಕಂಡಿದ್ದರಂತೆ. ಕೇಳಿದರೆ ಅತ್ತೆ, "ಶ್ವಾಸಕೋಶ ಚೆನ್ನಾಗಿ ತುಂಬಿದ್ರೆ ಚಿತ್ರ ಚೆನ್ನಾಗಿ ಬರತ್ತೆ" ಅಂತ ಹೇಳಿ ಸೀಸದ ಏಪ್ರನ್ನು ಗೂಟಕ್ಕೆ ನೇತುಹಾಕುತ್ತಿದ್ದಳು.

ಅವಳಿಗೆ ಮೊದಲ ಆರ್ಕಿಡ್ ಸಿಕ್ಕಿದ್ದು ಕಸದ ಬುಟ್ಟಿಯಲ್ಲಿ. ಮಂಡಿ ಆಪರೇಷನ್ ಮಾಡಿಸಿಕೊಂಡ ರೋಗಿಯೊಬ್ಬರಿಗೆ ನೆಂಟರು ತಂದುಕೊಟ್ಟ ಗಿಡ ಅದು. ಅವರು ಮನೆಗೆ ಹೊರಡುವ ಹೊತ್ತಿಗೆ ಹೂವೆಲ್ಲ ಉದುರಿ, ಒಂದು ಬೋಳು ಕಡ್ಡಿ, ನಾಲ್ಕು ದಪ್ಪ ಎಲೆ, ಕುಂಡದಿಂದ ಹೊರಗೆ ಕೈಕಾಲು ಚಾಚಿದ ಒಂದಷ್ಟು ಬೇರು ಉಳಿದಿದ್ದವು. ವಾರ್ಡು ಗುಡಿಸುವಾಕೆ ಬುಟ್ಟಿಗೆ ಹಾಕಿದ್ದನ್ನು ಅತ್ತೆ ಎತ್ತಿಕೊಂಡಳು.

"ಅದು ಸತ್ತೋಗಿದೆ ಬಿಡಿ ಮೇಡಂ."

"ಸತ್ತಿದೆಯೋ ಇಲ್ವೋ ಅನ್ನೋದನ್ನ ಹೊರಗಿಂದ ನೋಡಿ ಹೇಳೋ ಹಾಗಿದ್ರೆ ನನ್ನ ಕೆಲಸ ಯಾಕೆ ಬೇಕಿತ್ತು?" ಅಂದಳು ಅತ್ತೆ.

ಒಂದು ವರ್ಷ ಎರಡು ತಿಂಗಳು ಆ ಗಿಡ ಏನೂ ಮಾಡಲಿಲ್ಲ. ಮಾವ ದಿನಾ ಬೆಳಿಗ್ಗೆ ಅದಕ್ಕೆ, "ಏನಪ್ಪಾ, ಇವತ್ತಾದ್ರೂ ಎದ್ದಿದ್ದೀಯಾ?" ಅಂತ ಕೇಳಿ ಕೆಲಸಕ್ಕೆ ಹೋಗುತ್ತಿದ್ದರು. ಮಾವನದು ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ. ಅತ್ತೆ ಮಾತ್ರ ಬೇರುಗಳನ್ನು ನೋಡಿ ನೋಡಿ ಅವುಗಳ ಭಾಷೆ ಕಲಿತಳು. ಬಾಯಾರಿದಾಗ ಬೂದಿಬಣ್ಣ, ಕುಡಿದಾಗ ಹಸಿರು, ವಿಪರೀತ ಕುಡಿದರೆ ಕಂದು ಬಣ್ಣಕ್ಕೆ ತಿರುಗಿ ಕೊಳೆತು ಹೋಗುತ್ತವೆ. ಮಣ್ಣು ಬೇಡ, ಮರದ ತೊಗಟೆಯ ಚೂರು, ಒಂದಿಷ್ಟು ಇದ್ದಿಲು ಸಾಕು. ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಮುಳುಗಿಸಿ, ಪೂರ್ತಿ ಸೋರಿಸಿ, ಆಮೇಲೆ ಅದರ ಪಾಡಿಗೆ ಅದನ್ನು ಬಿಡಬೇಕು. ಹೀಗೆ ಬಿಟ್ಟದ್ದಕ್ಕೋ ಏನೋ, ಒಂದು ದಿನ ಎಲೆಯ ಬುಡದಿಂದ ಹಸಿರು ಬೆರಳೊಂದು ಇಣುಕಿತು. ಮೂರು ತಿಂಗಳಿಗೆ ಅದರ ತುಂಬ ಬಿಳಿ ಚಿಟ್ಟೆಗಳು ಸಾಲಾಗಿ ಕುಳಿತಂತೆ ಒಂಬತ್ತು ಹೂ. ಮಾವ ಅವತ್ತು ಮೀಟರು ಓದಲು ಹೋಗಲೇ ಇಲ್ಲ.

ಆಮೇಲೆ ಅತ್ತೆಗೆ ತಡೆಯೇ ಇರಲಿಲ್ಲ. ನಾನು ಕಾಲೇಜು ಓದಲು ಅವರ ಮನೆಗೆ ಹೋಗಿ ಐದು ವರ್ಷ ಇದ್ದಾಗ ಗಿಡಗಳ ಸಂಖ್ಯೆ ನಲವತ್ತು ದಾಟಿತ್ತು. ಹೆಚ್ಚಿನವು ಇದ್ದದ್ದು ಬಚ್ಚಲುಮನೆಯಲ್ಲಿ, ಯಾಕೆಂದರೆ ಅಲ್ಲಿ ಹದವಾದ ಆವಿ, ಮಂಜುಗಾಜಿನ ಕಿಟಕಿಯಿಂದ ಬೆಳಗಿನ ಮೆತ್ತನೆಯ ಬೆಳಕು. ಸ್ನಾನಕ್ಕೆ ಹೋದರೆ ಒಂದು ಆರ್ಕಿಡ್ಡು ಕಿವಿಗೆ ತಾಗುತ್ತಿತ್ತು, ಇನ್ನೊಂದು ಬೆನ್ನಿಗೆ. ಅತ್ತೆ ಹೊರಗಿನಿಂದ ಕೂಗುತ್ತಿದ್ದಳು: "ಸೋಪಿನ ನೊರೆ ಎಡಗಡೆಯವಕ್ಕೆ ಹಾರಿಸಬೇಡ! ಅವು ಮೊಗ್ಗಾಗ್ತಿವೆ!" ಊರಿನ ನೀರೆಲ್ಲ ಅಳೆಯುವ ಮಾವನಿಗೆ ಸ್ವಂತ ಮನೆಯಲ್ಲಿ ಒಂದು ಬಕೆಟ್ ಇಡಲು ಜಾಗವಿರಲಿಲ್ಲ. ಬಾಲ್ಕನಿಯಲ್ಲಿ ಬಿಸಿಲು ತಡೆಯಲು ಪರದೆಯ ಬದಲು ಹಾಳಾದ ಎಕ್ಸ್‌ರೇ ಫಿಲ್ಮುಗಳು ತೂಗಾಡುತ್ತಿದ್ದವು. ಅಲುಗಾಡಬೇಡಿ ಅಂದರೂ ಅಲುಗಾಡಿದವರ ಪಕ್ಕೆಲುಬುಗಳ ನೆರಳು ಎಲೆಗಳ ಮೇಲೆ ಬೀಳುತ್ತಿತ್ತು.

ಇನ್ನು ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಮೂರನೇ ಮಹಡಿಯಲ್ಲಿದ್ದ ಅತ್ತೆಯ ಬಾಲ್ಕನಿಗೆ ಅಂಟಿಕೊಂಡಂತೆ, ನಡುವೆ ಸೊಂಟದೆತ್ತರದ ಒಂದು ಗೋಡೆ ಮಾತ್ರ ಬಿಟ್ಟು, ಅವರ ಬಾಲ್ಕನಿ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ರೇಖಾಗಣಿತದವರು. ಚಪ್ಪಲಿ ಬಿಟ್ಟರೂ ಗೋಡೆಗೆ ಸಮಾನಾಂತರವಾಗಿ ಬಿಡುವ ಮನುಷ್ಯ. ಅತ್ತೆಯ ಹೂಗಳನ್ನು ಗೋಡೆಯಾಚೆಯಿಂದ ಎರಡು ವರ್ಷ ನೋಡಿ, ಕೊನೆಗೆ ತಡೆಯಲಾರದೆ ಏಳು ಗಿಡ ತಂದರು. ಏಳಕ್ಕೂ ಮಣ್ಣಿನ ಕುಂಡ. ಪ್ರತಿ ಕುಂಡದ ಮೇಲೂ ಕೈವಾರದ ಮುಳ್ಳಿನಿಂದ ಗೀರಿದ ಒಂದೊಂದು ನಂಬರು. ಗೋಡೆಯ ಮೇಲೆ ವೇಳಾಪಟ್ಟಿ. ನೀರು ದಿನಕ್ಕೆ ಮೂರು ಹೊತ್ತು, ಗಂಟೆ ಹೊಡೆದಂತೆ.

"ಮೇಷ್ಟ್ರೇ, ಅಷ್ಟು ನೀರು ಬೇಡ, ಬೇರು ಕೊಳೆಯತ್ತೆ" ಅಂದಳು ಅತ್ತೆ.

"ಏನಮ್ಮಾ, ಮೂವತ್ತಾರು ವರ್ಷ ಮಕ್ಕಳನ್ನ ತಿದ್ದಿದೀನಿ. ಏಳು ಗಿಡ ತಿದ್ದೋಕಾಗಲ್ವಾ? ನಿಮ್ಮದು ಅದೃಷ್ಟದ ಬೇಸಾಯ. ನನ್ನದು ಶಿಸ್ತು."

ಶಿಸ್ತಿಗೆ ಗಿಡಗಳು ಬಗ್ಗಲಿಲ್ಲ. ಒಂದೂವರೆ ವರ್ಷವಾದರೂ ಒಂದು ಮೊಗ್ಗಿಲ್ಲ. ಮೇಷ್ಟ್ರು ತಪ್ಪು ಹುಡುಕಲು ಹೊರಟರು. ಮೊದಲು ಅಡುಗೆಮನೆಯಲ್ಲಿ ಹುರಿಯುವ ಹೊಗೆಯ ಮೇಲೆ ಅನುಮಾನ ಬಂತು, ಆಮೇಲೆ ಫ್ಯಾನಿನ ಗಾಳಿಯ ಮೇಲೆ. ಕೊನೆಗೆ ಎಲ್ಲೋ ಪತ್ರಿಕೆಯಲ್ಲಿ, ಗಿಡಗಳಿಗೆ ಮನುಷ್ಯರ ದನಿ ಕೇಳಿಸುತ್ತದೆ ಅಂತ ಓದಿಬಿಟ್ಟರು. ಅವತ್ತಿನಿಂದ ಬಾಲ್ಕನಿಯಲ್ಲಿ ಮನೆಯ ಗೋಡೆಗೆ ಆನಿಸಿ ಕುರ್ಚಿ ಹಾಕಿಕೊಂಡು ಬೆಳಿಗ್ಗೆ ಸಂಜೆ ಗಿಡಗಳಿಗೆ ಪ್ರಮೇಯ ಓದಲು ಶುರುಮಾಡಿದರು. "ತ್ರಿಭುಜದ ಮೂರೂ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ..." ಅಷ್ಟಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಬಟ್ಟೆ ಒಣಹಾಕುವಾಗ ಹಾಡಿಕೊಳ್ಳುವುದು ಅವರ ಹೆಂಡತಿಗೆ ಮೊದಲಿನಿಂದ ಬಂದ ಅಭ್ಯಾಸ. ಗಿಡಗಳಿಗೆ ಎರಡು ದನಿ ಕೇಳಿಸಿದರೆ ಗೊಂದಲವಾಗುತ್ತದೆ, ಇನ್ನು ಬಾಲ್ಕನಿಯಲ್ಲಿ ಹಾಡು ಬೇಡ ಅಂದುಬಿಟ್ಟರು ಮೇಷ್ಟ್ರು.

ಆಕೆ ಬಂದು ಅತ್ತೆಯ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ನಗುತ್ತಲೇ ಹೇಳಿದರು, ಆದರೆ ಕಣ್ಣಂಚು ಒದ್ದೆಯಾಗಿತ್ತು.

"ಮೂವತ್ತೆಂಟು ವರ್ಷದಿಂದ ಹಾಡ್ತಿದೀನಿ ಕಣೇ. ಇವರು ಒಂದು ದಿನ ಚೆನ್ನಾಗಿದೆ ಅಂದಿಲ್ಲ, ಚೆನ್ನಾಗಿಲ್ಲ ಅಂತಾನೂ ಅಂದಿಲ್ಲ. ಈಗ ಒಂದು ಹುಲ್ಲುಕಡ್ಡಿಗೋಸ್ಕರ ಬಾಯಿ ಮುಚ್ಕೋ ಅಂತಾರಲ್ಲ!"

"ಹೂ ಬಿಟ್ರೆ ಹಾಡ್ಬೋದಂತಾ?"

"ಹೂ ಬಿಟ್ಟಮೇಲೆ ನೋಡೋಣ ಅಂದ್ರು."

ಅತ್ತೆ ತುಟಿ ಒಂದು ಕಡೆಗೆ ಎಳೆದು ಒಲೆ ಆರಿಸಿದಳು. ಅವಳ ಮುಖ ಹಾಗಾದಾಗ ಏನೋ ಕಾದಿದೆ ಅಂತ ನಮಗೆಲ್ಲ ಗೊತ್ತಿತ್ತು. ಮಾವ ಪೇಪರು ಮಡಚಿ, "ನಂಗೇನೂ ಕೇಳಿಸಲಿಲ್ಲ" ಅಂದು ಎದ್ದು ಹೋದರು.

ಅವಕಾಶ ತಾನಾಗಿಯೇ ಬಂತು. ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಅಣ್ಣನ ಮನೆಗೆ ಮೂರು ವಾರ ಹೊರಟರು. ಮನೆಯ ಕೀಲಿ, ವೇಳಾಪಟ್ಟಿಯ ಒಂದು ನಕಲು, ಒಂದು ಟೇಪ್ ರೆಕಾರ್ಡರ್, ತಮ್ಮದೇ ದನಿಯಲ್ಲಿ ಹದಿನೆಂಟು ಪ್ರಮೇಯ ತುಂಬಿದ ಕ್ಯಾಸೆಟ್ಟು, ಎಲ್ಲ ಅತ್ತೆಯ ಕೈಗೆ ಬಂದವು.

"ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮರೀಬಾರದು."

"ಒಂದು ದಿನಾನೂ ಮರೆಯಲ್ಲ" ಅಂತ ಅತ್ತೆ ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಕ್ಯಾಸೆಟ್ಟು ಖಾಲಿ ಮನೆಯಲ್ಲಿ ದಿನಾ ತ್ರಿಭುಜ ಸಾಧಿಸುತ್ತಲೇ ಇತ್ತು. ಮೇಷ್ಟ್ರು ಬರುವ ಹಿಂದಿನ ದಿನ ಮಾತ್ರ ಅತ್ತೆ ನಾಲ್ಕನೇ ನಂಬರಿನ ಕುಂಡದಿಂದ ಸೊರಗಿದ ಗಿಡವನ್ನು ಬೇರುಸಹಿತ ಎತ್ತಿ, ಅದರ ಜಾಗದಲ್ಲಿ ತನ್ನ ಬಚ್ಚಲುಮನೆಯ ಒಂದು ಗಿಡವನ್ನು, ತೊಗಟೆಯ ಮುದ್ದೆ ಕದಡದಂತೆ, ಇಳಿಸಿದಳು. ಏಳು ಹೂ ಅರಳಿ, ಎರಡು ಮೊಗ್ಗು ಬಾಕಿ ಇದ್ದ ತಿಳಿಗುಲಾಬಿ ಬಣ್ಣದ ಚಿಟ್ಟೆ ಆರ್ಕಿಡ್. ಎಲೆ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯದು. ಹೂವಿಲ್ಲದಾಗ ಅವೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ.

"ಅತ್ತೆ, ಹೂಕಡ್ಡಿ ಬಂದು ಹೂವಾಗೋಕೆ ಮೂರು ತಿಂಗಳು ಬೇಕು ಅಂತ ನೀನೇ ಹೇಳಿದ್ದೆ. ಅವರು ಹೋಗಿ ಮೂರು ವಾರ ಆಯ್ತು ಅಷ್ಟೇ" ಅಂದೆ ನಾನು.

ಅತ್ತೆ ತೊಗಟೆಯನ್ನು ಮೆಲ್ಲಗೆ ಒತ್ತಿ ಕೂರಿಸಿದಳು. "ಅವರಿಗೆ ಅದು ಗೊತ್ತಿದ್ದಿದ್ರೆ ಅವರ ಗಿಡ ಯಾವತ್ತೋ ಹೂ ಬಿಡ್ತಿತ್ತು" ಅಂದಳು.

ಮೇಷ್ಟ್ರು ಪೆಟ್ಟಿಗೆ ಕೆಳಗಿಡದೆ ಬಾಲ್ಕನಿಗೆ ಹೋದರು. ನಾವು ಗೋಡೆಯ ಈಚೆ ಒಗೆದ ಟವೆಲ್ಲುಗಳ ಮರೆಯಲ್ಲಿ ನಿಂತಿದ್ದೆವು. ಆಮೇಲೆ ಪೆಟ್ಟಿಗೆ ಧಡ್ಡನೆ ಬಿತ್ತು.

"ಬಾರೇ ಇಲ್ಲಿ! ನೋಡೇ! ನಾಲ್ಕನೇ ನಂಬರು!" ಅಂತ ಹೆಂಡತಿಯನ್ನು ಕರೆದರು. ಆಮೇಲೆ ದನಿ ತಗ್ಗಿಸಿ, "ನೋಡು, ಎಲ್ಲಾ ಹೂವೂ ಯಾವ ಕಡೆ ಮುಖ ಮಾಡಿವೆ ನೋಡು. ನನ್ನ ಕುರ್ಚಿ ಕಡೆ!"

ಅಲ್ಲೇ ಅತ್ತೆ ಎಡವಿದ್ದಳು. ಆರ್ಕಿಡ್ಡಿನ ಹೂಕಡ್ಡಿ ಬೆಳಕಿನ ಕಡೆ ವಾಲಿ, ಹೂಗಳೆಲ್ಲ ಬೆಳಕಿಗೆ ಮುಖ ಕೊಟ್ಟು ಅರಳುತ್ತವೆ. ಗಡಿಬಿಡಿಯಲ್ಲಿ ಅವಳು ಗಿಡವನ್ನು ತಿರುಗಾಮುರುಗಾ ಇಟ್ಟಿದ್ದಳು. ಬಯಲಿಗೆ ಮುಖ ಮಾಡಬೇಕಾದ ಹೂಗಳು ಬಯಲಿಗೆ ಬೆನ್ನು ಹಾಕಿ ಮನೆಯ ಗೋಡೆಯನ್ನು ನೋಡುತ್ತಿದ್ದವು. ಕೋನ ಅಳೆಯುವುದನ್ನೇ ಉಸಿರಾಗಿಸಿಕೊಂಡ ಮನುಷ್ಯನಿಗೆ ಅನುಮಾನ ಬಾರದೇ ಇದ್ದೀತೇ ಅಂತ ನಾವು ಟವೆಲ್ಲುಗಳನ್ನು ಇನ್ನಷ್ಟು ಮುಖಕ್ಕೆಳೆದುಕೊಂಡೆವು. ಅವರಿಗೆ ಬಂದದ್ದು ಅನುಮಾನವಲ್ಲ, ಕಣ್ಣೀರು. ವಿದ್ಯಾರ್ಥಿಗಳು ಗುರುವನ್ನು ನೋಡುವಂತೆ ಹೂಗಳು ತಮ್ಮನ್ನು ನೋಡುತ್ತಿವೆ ಅಂತ ಅವರು ನಂಬಿದರು.

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಮೇಷ್ಟ್ರ ಹೆಂಡತಿ ಹಾಡಿದರು. ಪ್ರಮೇಯ ಮುಗಿದಮೇಲೆ ಹಾಡಬಹುದು ಅಂತ ಅಪ್ಪಣೆಯಾಗಿತ್ತಂತೆ. ಅತ್ತೆ ಗೋಡೆಯಾಚೆ ತಲೆಹಾಕಿ ಕಣ್ಣು ಹೊಡೆದಳು.

ಅಲ್ಲಿಗೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಹೂವು ಎರಡು ತಿಂಗಳಿದ್ದು ಉದುರಿತು. ಮೇಷ್ಟ್ರ ಮುಖ ಮತ್ತೆ ಗಂಟಾಯಿತು. ಹಾಡಿನ ಬಗ್ಗೆ ಮತ್ತೆ ಗೊಣಗಾಟ ಶುರುವಾಯಿತು. ಅತ್ತೆ ಒಂದನೇ ನಂಬರನ್ನು ಬದಲಿಸಿದಳು, ಆಮೇಲೆ ಆರನ್ನು, ಆಮೇಲೆ ಮತ್ತೆ ನಾಲ್ಕನ್ನು. ಕೆಲಸ ನಡೆಯುತ್ತಿದ್ದದ್ದು ಸಂಜೆ ಮೇಷ್ಟ್ರು ವಾಕಿಂಗು ಹೋದಾಗ. ಈಗ ಮೊಗ್ಗಿನ ಗಿಡವನ್ನೇ ಇಳಿಸುತ್ತಿದ್ದಳು, ರಾತ್ರೋರಾತ್ರಿ ಮೊಗ್ಗು ಬಂದದ್ದೂ ಮೇಷ್ಟ್ರಿಗೆ ಪ್ರಮೇಯದ ಮಹಿಮೆಯಾಗಿಯೇ ಕಾಣುತ್ತಿತ್ತು. ಬಾಗಿಲು ತೆಗೆಯುವುದು, ಮೇಷ್ಟ್ರು ಸುರಿದ ನೀರನ್ನು ಅವರು ಅತ್ತ ಹೋದೊಡನೆ ಕುಂಡ ಬಗ್ಗಿಸಿ ಚೆಲ್ಲುವುದು ಹೆಂಡತಿಯ ಪಾಲಿನ ಕೆಲಸ. ಈಗ ಮುಖ ಕುರ್ಚಿಯ ಕಡೆಗೇ ಇರಬೇಕು ಅನ್ನುವುದನ್ನು ಅತ್ತೆ ಮರೆಯುತ್ತಿರಲಿಲ್ಲ. ಮಾವನಿಗೆ ಮೇಷ್ಟ್ರ ಜೊತೆ ವಾಕಿಂಗು ಹೋಗಿ ತಡಮಾಡಿಸುವ ಕೆಲಸ. ಪಾಪ, ಮಾವನಿಗೆ ನಡೆಯುವುದೆಂದರೆ ಆಗದು. ದಿನವಿಡೀ ನಡೆಯುವುದೇ ಅವರ ನೌಕರಿ. ಆದರೂ ಹೋಗುತ್ತಿದ್ದರು. ಮೇಷ್ಟ್ರು ಬೇಗ ತಿರುಗಿದರೆ ಮಾವ ನಿಂತು, ಗಲ್ಲ ಕೆರೆದುಕೊಂಡು, "ಅಲ್ಲಾ ಮೇಷ್ಟ್ರೇ, ವೃತ್ತಕ್ಕೆ ಮೂಲೆ ಇಲ್ಲ ಅಂತೀರಲ್ಲ, ಅದನ್ನ ಸಾಬೀತು ಮಾಡಿದೋರು ಯಾರು?" ಅನ್ನುತ್ತಿದ್ದರು. ನಲವತ್ತು ನಿಮಿಷಕ್ಕೆ ಮೋಸವಿರಲಿಲ್ಲ.

ಎಷ್ಟೋ ಸಲ ಮಾವ ಬೆವರು ಒರೆಸುತ್ತ ಬಂದು, "ಏನೇ, ಇದು ಎಲ್ಲೀವರೆಗೆ? ಅವರು ನಂಗೆ ಒಳ್ಳೇ ಶಿಷ್ಯ ಅಂತ ನೋಟ್‌ಬುಕ್ ಬೇರೆ ಕೊಟ್ಟಿದ್ದಾರೆ. ನಾಳೆಗೆ ಹೋಮ್‌ವರ್ಕ್ ಇದೆ" ಅನ್ನುತ್ತಿದ್ದರು.

"ಮಾಡ್ರೀ. ಬುದ್ಧಿ ಬರತ್ತೆ."

ಇಷ್ಟರಲ್ಲಿ ಮೇಷ್ಟ್ರ ಕೀರ್ತಿ ಮೆಟ್ಟಿಲಿಳಿದು ಇಡೀ ಕಟ್ಟಡಕ್ಕೆ ಹಬ್ಬಿತ್ತು. ಭಾನುವಾರ ಬೆಳಿಗ್ಗೆ ಅವರ ಹಾಲಿನಲ್ಲಿ ತರಗತಿ ಶುರುವಾಯಿತು. ಕರಿಹಲಗೆ, ಸೀಮೆಸುಣ್ಣ ಎಲ್ಲ ಬಂತು. ಮೊದಲ ಮಹಡಿಯ ಹಲ್ಲಿನ ಡಾಕ್ಟರು, ನೆಲಮಹಡಿಯ ಟೈಲರಮ್ಮ, ಇನ್ನೂ ನಾಲ್ಕು ಮಂದಿ ಮಡಿಲಲ್ಲಿ ಒಂದೊಂದು ಕುಂಡ ಇಟ್ಟುಕೊಂಡು ಒಕ್ಕೊರಲಿನಿಂದ ಪ್ರಮೇಯ ಹೇಳುತ್ತಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ ಕುಳಿತು ಕೈಯೆತ್ತುತ್ತಿದ್ದಳು.

"ಮೇಷ್ಟ್ರೇ, ಕೆಂಪು ಹೂವಿಗೂ ಬಿಳಿ ಹೂವಿಗೂ ಒಂದೇ ಪ್ರಮೇಯಾನಾ?"

"ಒಳ್ಳೇ ಪ್ರಶ್ನೆ! ಬಿಳಿಗೆ ತ್ರಿಭುಜ ಸಾಕು. ಗಾಢ ಬಣ್ಣಕ್ಕೆ ವೃತ್ತ ಬೇಕಾಗಬಹುದು. ಅಭ್ಯಾಸ ನಡೀತಾ ಇದೆ."

ನಾನು ಕೆಮ್ಮು ಬಂದವಳಂತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎದ್ದು ಹೋಗಬೇಕಾಯಿತು.

ಎರಡು ತಿಂಗಳ ಮೇಲೆ ಹಲ್ಲಿನ ಡಾಕ್ಟರು ತಕರಾರು ತೆಗೆದರು. "ಸಾರ್, ದಿನಕ್ಕೆ ಎರಡು ಹೊತ್ತು ಓದ್ತಿದೀನಿ. ನನ್ನ ಕುರ್ಚಿ ಮೇಲೆ ಬಾಯಿ ತೆಕ್ಕೊಂಡು ಕೂತ ರೋಗಿಗಳಿಗೂ ಲಂಬಕೋನ ಬಾಯಿಪಾಠ ಆಗಿದೆ. ಗಿಡಕ್ಕೆ ಮಾತ್ರ ಒಂದು ಮೊಗ್ಗಿಲ್ಲ. ಇದು ನಿಜಕ್ಕೂ ದನಿಯಿಂದಾನೇ ಆಗೋದಾ?"

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಯೋಚಿಸಿದರು. "ನೀವು ಹೇಳೋದು ನ್ಯಾಯ. ಸಾಧಿಸದೇ ನಂಬೋದು ತಪ್ಪು" ಅಂದು, ಅಲ್ಲೇ ಎಲ್ಲರ ಎದುರಿಗೆ ಪ್ರಯೋಗ ಗೊತ್ತುಮಾಡಿದರು. ಒಂದೇ ಅಳತೆಯ ಎರಡು ಗಿಡ. ಎರಡನೇ ನಂಬರು ಅವರ ಮಲಗುವ ಕೋಣೆಯಲ್ಲಿ. ಅವರೇ ಓದುತ್ತಾರೆ, ಅವರೇ ನೀರು ಹಾಕುತ್ತಾರೆ, ಬಾಗಿಲಿಗೆ ಬೀಗ, ಕೀಲಿ ಅವರ ಜೇಬಿನಲ್ಲಿ. ಐದನೇ ನಂಬರು ಗಣಿತದ ಗಾಳಿ ಸೋಕದ ಜಾಗದಲ್ಲಿ. ನಾಲ್ಕು ತಿಂಗಳು ಗಡುವು.

"ಗಣಿತದ ಗಾಳಿ ಸೋಕದ ಜಾಗ ಅಂದ್ರೆ..." ಅಂತ ಸುತ್ತ ನೋಡಿ, ಅತ್ತೆಯ ಮೇಲೆ ಕಣ್ಣು ನಿಲ್ಲಿಸಿದರು. "ನಿಮ್ಮನೆ ಸರಿ ಕಣಮ್ಮ."

ಅತ್ತೆ ಐದನೇ ನಂಬರನ್ನು ಅವುಚಿಕೊಂಡು ಮನೆಗೆ ಬಂದವಳು ಸೋಫಾದ ಮೇಲೆ ಕುಸಿದಳು. ಅದು ಅವಳದೇ ಗಿಡ, ಮೂರು ತಿಂಗಳ ಹಿಂದೆ ಬದಲಿಸಿದ್ದು, ಹೂ ಉದುರಿದ್ದರೂ ಗಟ್ಟಿಮುಟ್ಟು. ಇಲ್ಲಿದ್ದರೆ ಅದು ಹೂ ಬಿಟ್ಟೇ ಬಿಡುತ್ತದೆ. ಅತ್ತ ಬೀಗದೊಳಗೆ, ಮೂರು ಹೊತ್ತಿನ ನೀರಿನಲ್ಲಿ, ಎರಡನೆಯದು ಕೊಳೆತೇ ಕೊಳೆಯುತ್ತದೆ.

ಜೀವಮಾನವಿಡೀ ಗಿಡಗಳಿಗೆ ಹೂ ಬಿಡು ಬಿಡು ಅಂತ ಗೋಗರೆದವಳು ಈಗ ಒಂದು ಗಿಡದ ಮುಂದೆ ಕುಳಿತು, "ಬಿಡಬೇಡ್ವೇ, ನಿನ್ನ ದಮ್ಮಯ್ಯ ಅಂತೀನಿ" ಅನ್ನತೊಡಗಿದಳು. ಬಚ್ಚಲುಮನೆಯಲ್ಲಿ ಸುಖ ಹೆಚ್ಚಾದೀತು ಅಂತ ಉಗ್ರಾಣದ ಕಿಟಕಿಯ ಪಕ್ಕ, ಹಳೇ ಟ್ರಂಕಿನ ಮೇಲೆ ಒಂಟಿಯಾಗಿ ಇಟ್ಟಳು. ಉಗ್ರಾಣ ಮನೆಯಲ್ಲೇ ತಂಪಾದ ಜಾಗ. ಆ ಜಾತಿಯ ಆರ್ಕಿಡ್ಡು ಹೂಕಡ್ಡಿ ಬಿಡಲು ಕಾಯುವುದೇ ಒಂದಿಷ್ಟು ತಂಪಿಗೆ ಅನ್ನುವುದನ್ನು ಗಾಬರಿಯಲ್ಲಿ ಮರೆತಿದ್ದಳು. ಮೂರನೇ ವಾರಕ್ಕೇ ಹಸಿರು ಬೆರಳು ಹೊರಬಂತು.

ಅವತ್ತು ಅತ್ತೆ ಕತ್ತರಿ ತಂದಳು. ಹೂಕಡ್ಡಿಯ ಬುಡಕ್ಕೆ ಕತ್ತರಿ ಹಿಡಿದು ನಿಂತಳು. ಒಂದು ಕಟ್, ಯಾರಿಗೂ ತಿಳಿಯುವುದಿಲ್ಲ. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅತ್ತೆಗೆ ಕೈ ಬರಲಿಲ್ಲ. ಕತ್ತರಿ ನನ್ನ ಕೈಗೆ ಕೊಟ್ಟು, "ಹೋಗಿ ಡ್ರಾಯರಿನಲ್ಲಿಡು" ಅಂದಳು. ಆ ನಗೆಗಾತಿಯ ದನಿ ಹಾಗೆ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗಡುವಿನ ಭಾನುವಾರ ಎಲ್ಲರೂ ಸೇರಿದರು. ಅತ್ತೆ ಐದನೇ ನಂಬರನ್ನು ತಂದಿಟ್ಟಳು: ಬಳುಕುವ ಹೂಕಡ್ಡಿ, ಎಂಟು ಹೂ. ಮೇಷ್ಟ್ರು ಬೀಗ ತೆಗೆದು ಎರಡನೆಯದನ್ನು ತಂದರು: ಹಳದಿಯಾದ ಎರಡು ಎಲೆ, ಅದರಲ್ಲೊಂದು ತಂದು ಇಡುವಷ್ಟರಲ್ಲಿ ಕಳಚಿಬಿತ್ತು. ಹಲ್ಲಿನ ಡಾಕ್ಟರು ಹಲ್ಲು ಕಚ್ಚಿ ನಗು ತಡೆದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ನನ್ನ ಸಿದ್ಧಾಂತ ತಪ್ಪು" ಅಂದರು ಎಲ್ಲರಿಗೂ ಕೇಳುವಂತೆ. "ನಿಮ್ಮ ಇಷ್ಟೊಂದು ಭಾನುವಾರ ಹಾಳುಮಾಡಿದೆ. ಕ್ಷಮಿಸಬೇಕು." ಕರಿಹಲಗೆಯ ಮೇಲೆ ಮೊದಲ ತರಗತಿಯಿಂದಲೂ ಇದ್ದ 'ದನಿಯೇ ಹೂವು' ಅನ್ನುವ ಸಾಲನ್ನು ಎಡಗಡೆಯಿಂದ ಬಲಗಡೆಗೆ, ನೇರವಾಗಿ, ಅಚ್ಚುಕಟ್ಟಾಗಿ ಅಳಿಸಿದರು.

ಎಲ್ಲರೂ ಹೋದರು. ಅತ್ತೆ ಹೋಗಲಿಲ್ಲ.

"ಮೇಷ್ಟ್ರೇ, ಒಂದು ವಿಷಯ ಹೇಳ್ಬೇಕು. ನಿಮ್ಮ ಸಿದ್ಧಾಂತ ತಪ್ಪಾಗಿದ್ದು ಇವತ್ತಲ್ಲ. ಅದು ಯಾವತ್ತೂ ಸರಿ ಇರಲಿಲ್ಲ. ಹೂವೆಲ್ಲ ನಂದು. ನಾನು ಕುಂಡದೊಳಗಿನ ಗಿಡ ಬದಲಿಸ್ತಿದ್ದೆ."

ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು. "ಎಷ್ಟು ಸಲ?"

"ಹನ್ನೊಂದು."

"ನಾನಿಲ್ಲದಾಗ ಮನೆಯೊಳಗೆ ಹೇಗೆ ಬಂದ್ರಿ?"

"ಬಾಗಿಲು ತೆಗೆದಿದ್ದು ನಾನು" ಅಂತ ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. "ಯಾಕೆ ಅಂತ ಕೇಳಿ."

"ಯಾಕೆ?"

"ನಂಗೆ ಹಾಡ್ಬೇಕಿತ್ತು."

ಮೇಷ್ಟ್ರು ಹೆಂಡತಿಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ಬಾಗಿಲ ಹಿಂದೆ ಅರ್ಧ ಅಡಗಿ ನಿಂತಿದ್ದ ಮಾವನನ್ನು ನೋಡಿದರು. "ವೃತ್ತದ ಮೂಲೆ?" ಅಂದರು. ಮಾವ ತಲೆ ತಗ್ಗಿಸಿದರು.

ಮೂರು ದಿನ ಗೋಡೆಯಾಚೆ ಪ್ರಮೇಯವಿಲ್ಲ, ಹಾಡೂ ಇಲ್ಲ. ಅತ್ತೆ ಆಸ್ಪತ್ರೆಯಲ್ಲಿ ಎಲ್ಲರನ್ನೂ ಬೇಗಬೇಗ ಉಸಿರು ಬಿಡಿಸಿ ಕಳಿಸುತ್ತಿದ್ದಳಂತೆ. ನಾಲ್ಕನೇ ದಿನ ಸಂಜೆ ಮೇಷ್ಟ್ರು ಒಂದು ದಪ್ಪ ನೋಟ್‌ಬುಕ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕುಳಿತುಕೊಳ್ಳಿ ಅಂದರೂ ಕೂರದೆ ಒಂದು ಪುಟ ತೆರೆದು ತೋರಿಸಿದರು. ಊರಿಂದ ಬಂದ ದಿನವೇ ಬರೆದ ಚಿತ್ರ ಅದು. ಕುಂಡ, ಹೂಕಡ್ಡಿ, ಬಯಲಿನ ಬೆಳಕು, ಕೋನಗಳು, ಎಲ್ಲಕ್ಕೂ ಅಳತೆ. ಕೆಳಗೆ ಅವರದೇ ಕೈಬರಹ: 'ಹೂಗಳು ಬೆಳಕಿಗೆ ನೂರ ನಲವತ್ತು ಡಿಗ್ರಿ ವಿಮುಖ. ಕಾರಣ ತಿಳಿಯದು.' ಆ ಕೊನೆಯ ಎರಡು ಪದಗಳನ್ನು ಅವತ್ತೇ ಹೊಡೆದುಹಾಕಿ, ಮೇಲೆ ಬರೆದಿದ್ದರು: 'ಕಾರಣ: ನಾನು.'

"ಉತ್ತರ ನನ್ನ ಕೈಲೇ ಇತ್ತು. ಅವು ನನ್ನನ್ನ ನೋಡ್ತಿವೆ ಅನ್ನೋದು ಹಿತವಾಗಿತ್ತು. ಅದಕ್ಕೆ ತಪ್ಪು ಬರ್ಕೊಂಡೆ. ನಿಮ್ಮ ತಪ್ಪು ಅರ್ಧ, ನನ್ನದು ಅರ್ಧ" ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ಅರ್ಧಕ್ಕೆ ಶಿಕ್ಷೆ ಉಂಟು. 'ಪರರ ಕುಂಡಕ್ಕೆ ಕೈ ಹಾಕುವುದಿಲ್ಲ' ಅಂತ ನೂರು ಸಲ ಬರೀಬೇಕು. ಗುಂಡಗೆ ಬರೀಬೇಕು."

ಅತ್ತೆ ಬರೆದಳು. ಐವತ್ತರಿಂದಾಚೆ ಕೈಬರಹ ಮಾವನದು ಅಂತ ಮೇಷ್ಟ್ರು ಕಂಡುಹಿಡಿದು ಅಷ್ಟನ್ನು ಮತ್ತೆ ಬರೆಸಿದರು. ಅವರ ಅರ್ಧದ ಶಿಕ್ಷೆ ಏನು ಅಂತ ಯಾರೂ ಕೇಳಲಿಲ್ಲ. ಆದರೆ ಮರುದಿನದಿಂದ ಬಟ್ಟೆ ಒಣಹಾಕುವ ಹೊತ್ತಿಗೆ ಮೇಷ್ಟ್ರು ಬಕೆಟ್ಟು ಹಿಡಿದುಕೊಂಡು ಹೆಂಡತಿಯ ಪಕ್ಕ ನಿಲ್ಲುತ್ತಿದ್ದರು. ಆಕೆ ಕ್ಲಿಪ್ಪು ಹಾಕುತ್ತಾ ಹಾಡುವುದು, ಇವರು ಒಂದೊಂದೇ ಬಟ್ಟೆ ಹಿಂಡಿ ಕೊಡುವುದು. ಒಂದು ಬೆಳಿಗ್ಗೆ, "ಆ ಎರಡನೇ ಸಾಲು ಇನ್ನೊಂದು ಸಲ ಹೇಳು" ಅಂದದ್ದು ನಮಗೂ ಕೇಳಿಸಿತು.

ಮೇಷ್ಟ್ರು ಅತ್ತೆಯ ಬಳಿ ಮೊದಲಿನಿಂದ ಕಲಿತರು. ತೊಗಟೆಯೊಳಗೆ ಬೆರಳಿಟ್ಟು ತೇವ ನೋಡುವುದು, ಬೇರಿನ ಬಣ್ಣ ಓದುವುದು, ಕೈಕಟ್ಟಿ ಸುಮ್ಮನಿರುವುದು. ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಹತ್ತು ತಿಂಗಳ ಮೇಲೆ ಅವರ ಏಳನೇ ನಂಬರು, ಯಾರೂ ಬದಲಿಸದ ಒಂದೇ ಒಂದು ಗಿಡ, ಸೊಟ್ಟ ಹೂಕಡ್ಡಿಯಲ್ಲಿ ಮೂರು ಹೂ ಬಿಟ್ಟಿತು. ಅವರು ಯಾರನ್ನೂ ಕರೆಯಲಿಲ್ಲ. ಕುರ್ಚಿಯನ್ನು ಎತ್ತಿ ಬೆಳಕಿನ ಕಡೆ ಹಾಕಿಕೊಂಡು ಹೂವಿನ ಮುಂದೆ ಕುಳಿತಿದ್ದರು.

ಇಷ್ಟಕ್ಕೆ ಎಲ್ಲ ಮುಗಿಯಿತು ಅಂದುಕೊಂಡವರು ನಾವು ಮಾತ್ರ.

ಅತ್ತೆ ತನ್ನ ಗಿಡಗಳಿಗೆಲ್ಲ ಚೀಟಿ ಕಟ್ಟಿರುತ್ತಿದ್ದಳು: ಬಿಳಿ, ಹಳದಿ, ನೇರಳೆ, ಚುಕ್ಕಿ ಅಂತ. ಹೂವಿಲ್ಲದಾಗ ಗುರುತಿಗೆ ಚೀಟಿಯೇ ಗತಿ. ಮುಂದಿನ ಸಲ ಹೂ ಬಿಡುವ ಕಾಲ ಬಂತು. ನಿವೃತ್ತರಾಗುತ್ತಿದ್ದ ಹೆಡ್‌ನರ್ಸಿಗೆ ಅತ್ತೆ ಅಚ್ಚ ಬಿಳಿ ಆರ್ಕಿಡ್ ಕೊಡುವುದಾಗಿ ಹೇಳಿ, ಮೊಗ್ಗಿರುವಾಗಲೇ ಅವರ ಮೇಜಿನ ಮೇಲಿಟ್ಟು ಬಂದಳು. ಅದು ಅರಳಿ ಕಡುನೇರಳೆಯಾಯಿತು, ಮೈತುಂಬ ಸಿಡುಬಿನಂಥ ಚುಕ್ಕಿ. ಮನೆಯಲ್ಲಿ ಹಳದಿ ಬಿಡಬೇಕಾದದ್ದು ಗುಲಾಬಿ ಬಿಟ್ಟಿತು, ಗುಲಾಬಿ ಬಿಡಬೇಕಾದದ್ದು ಬಿಳಿ. ಅತ್ತೆ ಮೊದಲು ನೀರನ್ನು ಅನುಮಾನಿಸಿದಳು, ಆಮೇಲೆ ಇದ್ದಿಲನ್ನು. ಇಷ್ಟು ವರ್ಷ ಎಕ್ಸ್‌ರೇ ಕೋಣೆಯಲ್ಲಿದ್ದು ತನಗೇ ಏನೋ ಆಗಿದೆ, ತಾನು ಮುಟ್ಟಿದ್ದರಿಂದ ಬಣ್ಣ ತಿರುಗುತ್ತಿದೆ ಅಂತ ಹೆದರಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಪರೀಕ್ಷೆ ಮಾಡಿಸಿಕೊಂಡಳು. ಕಣ್ಣು ಸರಿಯಾಗಿತ್ತು.

ಮೇಷ್ಟ್ರು ಗೋಡೆಯಾಚೆಯಿಂದ ಗಂಭೀರವಾಗಿ ಕೇಳಿದರು, "ಏನಮ್ಮಾ, ಗಾಢ ಬಣ್ಣಕ್ಕೆ ವೃತ್ತ ಓದಿದ್ರಾ?"

ಪಕ್ಕದಲ್ಲಿ ಬಟ್ಟೆ ಹರವುತ್ತಿದ್ದ ಅವರ ಹೆಂಡತಿಗೆ ತಡೆಯಲಾಗಲಿಲ್ಲ. ಹಾಡು ನಡುವೆಯೇ ನಿಂತು ಆಕೆ ಗೋಡೆ ಹಿಡಿದು ನಗತೊಡಗಿದರು. ಆಗ ಎಲ್ಲ ಹೊರಬಿತ್ತು. ಅತ್ತೆ ಆಸ್ಪತ್ರೆಗೆ ಹೋದ ಒಂದು ಮಧ್ಯಾಹ್ನ, ಮೇಷ್ಟ್ರು ನಮ್ಮ ಬಚ್ಚಲುಮನೆಯೊಳಗೆ ಸ್ಟೂಲು ಹತ್ತಿ ನಲವತ್ತು ಚೀಟಿಗಳನ್ನೂ ಬಿಚ್ಚಿ ಅದಲುಬದಲು ಕಟ್ಟಿದ್ದರು. ಬಾಗಿಲು ತೆಗೆದುಕೊಟ್ಟವರು ಮಾವ.

"ನೀವಾ?" ಅಂತ ಅತ್ತೆ ಗಂಡನ ಕಡೆ ತಿರುಗಿದಳು.

"ನಾನೇನು ಮಾಡ್ಲೇ? ಮೇಷ್ಟ್ರು ಹೋಮ್‌ವರ್ಕ್ ಅಂದ್ರು" ಅಂದರು ಮಾವ.

ಅತ್ತೆ ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಆಮೇಲೆ ಅವಳಿಗೂ ನಗು ತಡೆಯಲಾಗದೆ ಎಕ್ಸ್‌ರೇ ಫಿಲ್ಮುಗಳ ನಡುವೆ ಬಾಲ್ಕನಿಯ ನೆಲದ ಮೇಲೆಯೇ ಕುಳಿತುಬಿಟ್ಟಳು. ಹೆಡ್‌ನರ್ಸು ಆ ಚುಕ್ಕಿ ನೇರಳೆಯನ್ನು ವಾಪಸು ಕೊಡಲು ಒಪ್ಪಲಿಲ್ಲ. ಅಂಥದ್ದು ಇನ್ನೊಂದಿದ್ದರೆ ಕೊಡಿ ಅಂದರಂತೆ.

ಈಗ ಅತ್ತೆಯೂ ನಿವೃತ್ತಳಾಗಿ ನಾಲ್ಕು ವರ್ಷವಾಗಿದೆ. ಎರಡು ಬಾಲ್ಕನಿಗಳ ನಡುವಿನ ಗೋಡೆಯ ಮೇಲೆ ಒಂದು ಹಲಗೆ ಬಂದಿದೆ, ಅದರ ಮೇಲೆ ಇಬ್ಬರ ಕುಂಡಗಳೂ ಕಲೆತುಹೋಗಿವೆ. ಹೋದ ವಾರ ನಾನು ಹೋದಾಗ ಹಲಗೆಯ ಆಚೆ ಈಚೆ ನಿಂತು ಜೋರು ಜಗಳ ನಡೆದಿತ್ತು. ಕೊನೆಯಲ್ಲಿದ್ದ ಗಿಡದಲ್ಲಿ ಹೊಸದಾಗಿ ಏನೋ ಇಣುಕುತ್ತಿತ್ತು. ಹೂಕಡ್ಡಿ ಅಂತ ಅತ್ತೆ, ಬೇರು ಅಂತ ಮೇಷ್ಟ್ರು. ಮೇಷ್ಟ್ರು ಕೋನಮಾಪಕ ತಂದಿದ್ದರು, ಅತ್ತೆ ಭೂತಗನ್ನಡಿ ತಂದಿದ್ದಳು. ಮಾವ ಮತ್ತು ಮೇಷ್ಟ್ರ ಹೆಂಡತಿ ಒಳಗೆ ಕಾಫಿ ಕುಡಿಯುತ್ತಿದ್ದರು.

"ಯಾರು ಸರಿ ಮಾವ?" ಅಂತ ಕೇಳಿದೆ.

"ಇನ್ನೊಂದು ಹತ್ತು ದಿನ ತಡಿ, ಗೊತ್ತಾಗತ್ತೆ" ಅಂದು ಮಾವ ನನಗೂ ಒಂದು ಲೋಟ ಕಾಫಿ ಬಗ್ಗಿಸಿದರು.